ಕಾಲಿಗೆ ಬುದ್ಧಿ ಹೇಳುವ ಮೇಷ್ಟ್ರು

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಾಗೆ ನೋಡಿದರೆ ಅವರು ಶಾಲೆಗೆ ಹೋದದ್ದೂ ಅಷ್ಟಕ್ಕಷ್ಟೇ. ಸಂಶೋಧನಾ ಸಂಸ್ಥೆಯೊಂದರ ಅನಿಮಲ್ ಹೌಸ್‌ನಲ್ಲಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸುವುದು ಅವರ ಕೆಲಸ. ಹೆದರಿ ಓಟ ಕಿತ್ತವನನ್ನು ಕಂಡರೆ ‘ಕಾಲಿಗೆ ಬುದ್ಧಿ ಹೇಳಿದ’ ಎನ್ನುತ್ತೇವಲ್ಲ, ಇವರು ದಿನವಿಡೀ ಇಲಿಗಳ ಕಾಲಿಗೆ ಬುದ್ಧಿ ಹೇಳುತ್ತಾರೆಂದು ಯಾರೋ ತಮಾಷೆ ಮಾಡಿದ್ದೇ ನೆಪ, ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತು. ಈಗ ಅವರ ನಿಜವಾದ ಹೆಸರು ನೆನಪಿರುವುದು ಹೆಂಡತಿಗೊಬ್ಬಳಿಗೇ. ಅವಳು ಕರೆಯುವುದಾದರೂ ‘ರೀ’ ಎಂದು.

ಅನಿಮಲ್ ಹೌಸ್ ಎಂದರೆ ಕಿಟಕಿಯಿಲ್ಲದ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಸ್ಟೀಲಿನ ಸ್ಟ್ಯಾಂಡುಗಳು, ಅವುಗಳ ಮೇಲೆ ಸಾಲುಸಾಲು ಪ್ಲಾಸ್ಟಿಕ್ ಪಂಜರಗಳು, ಪಂಜರದೊಳಗೆ ಮರದ ಹೊಟ್ಟಿನ ಹಾಸು, ಅದರಲ್ಲಿ ಕೆಂಪು ಕಣ್ಣಿನ ಬಿಳಿ ಇಲಿಗಳು. ಎಸಿ ಸದಾ ಕೊರೆಯುತ್ತಿರುತ್ತದೆ. ಮಧ್ಯದ ಮೇಜಿನ ಮೇಲೆ ಟ್ರೆಡ್‌ಮಿಲ್. ಪಾರದರ್ಶಕ ಮುಚ್ಚಳದ ಕೆಳಗೆ ಒಂದೊಂದು ಇಲಿ ಹಿಡಿಸುವಷ್ಟೇ ಅಗಲದ ಓಣಿಗಳು, ತಳದಲ್ಲಿ ಸರಿಯುವ ಬೆಲ್ಟು, ಓಣಿಯ ಹಿಂತುದಿಯಲ್ಲಿ ತಂತಿಯ ಜಾಲರಿ. ಓಡದೆ ಹಿಂದೆ ಬಿದ್ದ ಇಲಿಗೆ ಆ ಜಾಲರಿ ಚುರ್ರೆಂದು ಕರೆಂಟು ಮುಟ್ಟಿಸುತ್ತದೆ. ಯಂತ್ರ ಮಾಡಿದವನ ಪ್ರಕಾರ ಪಾಠ ಹೇಳಬೇಕಾದದ್ದು ಅದು. ನಮ್ಮ ಮೇಷ್ಟ್ರು ಆ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ ವರ್ಷಗಳೇ ಆಗಿದ್ದವು. ಹೊಸ ಇಲಿಗಳನ್ನು ಮೊದಲು ಅಂಗೈಯಲ್ಲಿ ಕೂರಿಸಿಕೊಳ್ಳುವರು, ನಿಂತ ಬೆಲ್ಟಿನ ಮೇಲೆ ಬಿಟ್ಟು ಮೂಸಿ ನೋಡಲು ಸಮಯ ಕೊಡುವರು, ಆಮೇಲೆ ಬೆಲ್ಟನ್ನು ಮೆಲ್ಲಗೆ ಸರಿಸುವರು. ಹಿಂದೆ ಬಿದ್ದದ್ದರ ಬಾಲಕ್ಕೆ ಬಣ್ಣ ಬಳಿಯುವ ಮೆತ್ತನೆಯ ಕುಂಚ ತಾಗಿಸುವರು. ಅಷ್ಟಕ್ಕೇ ಇಲಿ ಮುಂದಕ್ಕೆ ಹೋಗುತ್ತಿತ್ತು.

“ನನ್ನ ಇಲಿಗಳು ಹೆದ್ರಿಕೊಂಡು ಓಡಲ್ಲ. ಅಭ್ಯಾಸ ಆಗಿ ಓಡ್ತವೆ,” ಎಂದು ಹೊಸಬರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಸ್ವಲ್ಪ ಜಂಬವೇ ಅನ್ನಿ. ಕೊನೆಗೆ ಆ ಇಲಿಗಳಿಗೆ ಏನಾಗುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಾಂಸಖಂಡವನ್ನು ತೆಗೆದು ನೋಡಬೇಕಾದರೆ ಇಲಿ ಉಳಿಯುವುದಿಲ್ಲ. ಇರುವಷ್ಟು ದಿನ ಅದನ್ನು ಹೆದರಿಸಬಾರದು ಎಂಬುದೊಂದೇ ಅವರು ತಮಗೆ ತಾವೇ ಹಾಕಿಕೊಂಡಿದ್ದ ಕಟ್ಟುಪಾಡು.

ಆ ವರ್ಷ ಅವರು ಓಡಿಸುತ್ತಿದ್ದದ್ದು ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯೊಬ್ಬಳ ಇಲಿಗಳನ್ನು. ಉಗುರು ಕಚ್ಚಿ ಕಚ್ಚಿ ಬೆರಳ ತುದಿಯನ್ನೆಲ್ಲ ಕೆಂಪಗೆ ಮಾಡಿಕೊಂಡಿದ್ದ ಹುಡುಗಿ. ಕೆಲಸ ಮಾಡುವ ಮಾಂಸಖಂಡ ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಂಡು ಉರಿಸುತ್ತದೆ. ಕೆಲಸವಿಲ್ಲದೆ ಬಿದ್ದುಕೊಂಡ ಮಾಂಸಖಂಡ ಕರಗುವುದಲ್ಲದೆ, ಸಕ್ಕರೆ ಹೀರುವುದನ್ನೇ ಮರೆಯುತ್ತದೆ. ಮರೆತದ್ದನ್ನು ಮತ್ತೆ ಕಲಿಸಬೇಕಾದರೆ ಎಷ್ಟು ನಡೆಸಬೇಕು, ಎಷ್ಟು ಓಡಿಸಬೇಕು? ಇದು ಆ ಹುಡುಗಿಯ ಪ್ರಶ್ನೆ. ಅದಕ್ಕಾಗಿ ಇಲಿಯ ಒಂದು ಹಿಂಗಾಲಿಗೆ ಕೆಲಕಾಲ ಪಟ್ಟಿ ಕಟ್ಟಿಡುವರು. ಪಟ್ಟಿ ಬಿಚ್ಚಿದ ಮೇಲೆ ಆ ಇಲಿ ಮೇಷ್ಟ್ರ ಸುಪರ್ದಿಗೆ ಬರುತ್ತಿತ್ತು. ಓಡುವ ಮುಂಚೆ, ಓಡಿದ ಮೇಲೆ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುವುದು ಹುಡುಗಿಯ ಕೆಲಸ.

ಪಟ್ಟಿ ಬಿಚ್ಚಿದ ಕಾಲು ಹೇಗಿರುತ್ತದೆಂದು ಮೇಷ್ಟ್ರು ಇಲಿ ಕೊಯ್ದು ನೋಡುವ ಟ್ರೇ ಮೇಲೆ ಕಂಡಿದ್ದರು. ಒಂದು ಕಾಲಿನ ಮಾಂಸ ಕೆಂಪಗೆ ತುಂಬಿಕೊಂಡಿದ್ದರೆ, ಇನ್ನೊಂದು ಕಾಲಿನದ್ದು ಬಿಳಚಿಕೊಂಡು ಪೀಚಲಾಗಿರುತ್ತಿತ್ತು. ಇಷ್ಟು ದಿನ ಅದೊಂದು ಕಚೇರಿ ಸಂಗತಿಯಾಗಿತ್ತು. ಹೆಂಡತಿ ಬಚ್ಚಲಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೇಲೆ ಅದು ಮನೆಯ ಸಂಗತಿಯಾಯಿತು.

ಮೂಳೆಯೇನೋ ಕೂಡಿಕೊಂಡಿತು. ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ ‘ಭೇಷ್’ ಎಂದರು. ಮಗಳು ಬಂದು ಸ್ವಲ್ಪ ದಿನ ಇದ್ದು, ಸಮಾಧಾನದಿಂದ ಗಂಡನ ಮನೆಗೆ ಹೊರಟಳು. ಹೆಂಡತಿ ಮಾತ್ರ ಹಾಸಿಗೆ ಬಿಟ್ಟು ಏಳಲೊಲ್ಲಳು. ನೋವಿಗಿಂತ ಹೆಚ್ಚಾಗಿ ಹೆದರಿಕೆ. ಕಾಲು ನೆಲಕ್ಕೆ ಊರಿದ ಕೂಡಲೇ ಮತ್ತೆ ಬಿದ್ದೇಬಿಡುತ್ತೇನೆ ಎಂಬ ಹೆದರಿಕೆ. ಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ಹೆಂಗಸು ಬಂದು ಗದರಿದಳು, ರಮಿಸಿದಳು, ಕೊನೆಗೆ ಮೇಷ್ಟ್ರನ್ನು ಬಾಗಿಲ ಹೊರಗೆ ಕರೆದು ಹೇಳಿದಳು:

“ನೀವು ಎತ್ತೋಕ್ಕೆ ಹೋಗ್ಬೇಡಿ. ಅವ್ರೇ ಏಳ್ಬೇಕು. ಹೀಗೇ ಮಲ್ಗಿದ್ರೆ ಕಾಲು ಕಡ್ಡಿ ಆಗತ್ತೆ, ಆಮೇಲೆ ಯಾರು ಏನು ಮಾಡಿದ್ರೂ ಅಷ್ಟೇ.”

ಕಡ್ಡಿಯಾಗುವುದೆಂದರೆ ಏನೆಂದು ಮೇಷ್ಟ್ರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಂಡತಿಯ ಸೀರೆ ಸರಿಪಡಿಸುವ ನೆಪದಲ್ಲಿ ಅವಳ ತೊಡೆಯ ಮೇಲೆ ಕೈಯಿಟ್ಟು ನೋಡುವರು. ದಿನದಿಂದ ದಿನಕ್ಕೆ ಕೈಗೆ ಸಿಗುವ ಮಾಂಸ ಕಡಿಮೆಯಾಗುತ್ತಿತ್ತು. ಸ್ನಾನಕ್ಕೆ ಹೋದಾಗ ನಲ್ಲಿ ಜೋರಾಗಿ ಬಿಟ್ಟುಕೊಂಡು ಒಂದೆರಡು ಸಲ ಅತ್ತದ್ದೂ ಉಂಟು.

ಹೀಗಿರುವಾಗ ಬೆಕ್ಕು ಬಂತು. ಮೆಟ್ಟಿಲ ಕೆಳಗೆ ಮಲಗುತ್ತಿದ್ದ ಬೂದು ಬಣ್ಣದ ಬೀದಿ ಬೆಕ್ಕು. ಒಂದು ಭಾನುವಾರ ಬಾಗಿಲು ತೆರೆದಿದ್ದಾಗ ಒಳಗೆ ನುಗ್ಗಿತು. ಓಡಿಸಲಾರದೆ ಮೇಷ್ಟ್ರು ಅಡುಗೆಮನೆಯಲ್ಲಿ ಬಟ್ಟಲಿಗೆ ಹಾಲು ಹಾಕುತ್ತಿದ್ದರು. ಅಷ್ಟರಲ್ಲಿ ಬೆಕ್ಕು ಹೆಂಡತಿ ಮಲಗಿದ್ದ ಕೋಣೆಗೆ ಹೋಯಿತು. ಒಂದು ಗಳಿಗೆಯಲ್ಲಿ ಏನೋ ಸದ್ದಾಯಿತೆಂದು ತಿರುಗಿ ನೋಡುತ್ತಾರೆ, ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಾಳೆ! ತನ್ನ ಕಾಲ ಮೇಲೆ ತಾನೇ! ಮೇಷ್ಟ್ರ ಕಣ್ಣು ತುಂಬಿ ಬಂತು. ಬಟ್ಟಲು ಹಿಡಿದುಕೊಂಡೇ ಮಗುವಿನ ಹಾಗೆ ನಕ್ಕುಬಿಟ್ಟರು. ಬೆಕ್ಕನ್ನು ನೋಡಲೆಂದು ಎದ್ದು ಬಂದಿದ್ದಾಳೆ ಎಂದು ಅವರ ತೀರ್ಮಾನ. ಅಂದಿನಿಂದ ಬೆಕ್ಕು ಮನೆಯದ್ದಾಯಿತು.

ಆಮೇಲೆ ಸಂಜೆ ಮನೆಗೆ ಬಂದಾಗೆಲ್ಲ ಹೆಂಡತಿ ಹಾಸಿಗೆಯಲ್ಲಿರುತ್ತಿರಲಿಲ್ಲ. ಒಮ್ಮೆ ನಡುಮನೆಯ ಕುರ್ಚಿಯಲ್ಲಿ, ಒಮ್ಮೆ ಕಿಟಕಿಯ ಹತ್ತಿರ, ಇನ್ನೊಮ್ಮೆ ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು.

“ಎದ್ದು ಓಡಾಡಿದ್ಯೇನೇ?”

“ಹೂಂ. ನಿಮ್ಮ ಬೆಕ್ಕಿನ ದೆಸೆಯಿಂದ,” ಎನ್ನುವಳು. ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷ. ಬೆಕ್ಕಿಗೆ ಇನ್ನಷ್ಟು ಉಪಚಾರ. ಹೆಂಡತಿ ಹೆಣೆದುಕೊಟ್ಟಿದ್ದ ಸ್ವೆಟರನ್ನು ಕುರ್ಚಿಯ ಮೇಲೆ ಬಿಟ್ಟರೆ ಬೆಕ್ಕು ಅದರ ಮೇಲೆಯೇ ಸುರುಳಿ ಸುತ್ತಿಕೊಂಡು ಮಲಗುತ್ತಿತ್ತು. ಎಬ್ಬಿಸಲು ಮನಸ್ಸು ಬಾರದು. ಬೆಳಗ್ಗೆ ಸ್ವೆಟರು ಕೊಡವಿ ಹಾಕಿಕೊಂಡು ಕೆಲಸಕ್ಕೆ ಹೋಗುವರು. ಒಳಗೆ ಹೋಗುವ ಮುಂಚೆ ಮನೆಯ ಬಟ್ಟೆಯನ್ನೆಲ್ಲ ಬಿಚ್ಚಿಟ್ಟು ಸಂಸ್ಥೆಯ ಬಟ್ಟೆ ಹಾಕಿಕೊಳ್ಳಬೇಕೆಂಬುದು ನಿಯಮ. ಆದರೆ ಎಸಿಯ ಚಳಿ ಮೈಗೆ ತಡೆಯದೆ, ಬಿಳಿ ಕೋಟಿನ ಒಳಗೆ ಸ್ವೆಟರು ಉಳಿಸಿಕೊಳ್ಳುವುದು ಮೇಷ್ಟ್ರ ಹಳೆಯ ಚಾಳಿ.

ಅದೇ ಸುಮಾರಿಗೆ ಇಲಿಗಳು ಕೆಡತೊಡಗಿದವು. ಪಂಜರದ ಮುಚ್ಚಳ ತೆಗೆದರೆ ಮೂಲೆಗೆ ಸೇರಿ ಒಂದರ ಮೇಲೊಂದು ಮುದ್ದೆಯಾಗುವುವು. ಬೆಲ್ಟಿನ ಮೇಲೆ ಬಿಟ್ಟರೆ ಕಲ್ಲಾಗಿ ಕೂರುವುವು, ಕುಂಚ ತಾಗಿಸಿದರೂ ಮಿಸುಕವು. ಈ ಸಲದ್ದು ಪೆದ್ದು ತಂಡವಿರಬೇಕು ಎಂದುಕೊಂಡರು ಮೇಷ್ಟ್ರು. ಹುಡುಗಿಗೆ ಬೇರೆಯೇ ತಲೆನೋವು. ಒಂದು ಹೆಜ್ಜೆಯೂ ಓಡದ ಇಲಿಯ ರಕ್ತದಲ್ಲಿ ಸಕ್ಕರೆ ಏರಿ ಕೂತಿರುತ್ತಿತ್ತು.

“ಓಡೋ ಮುಂಚೇನೇ ಹಿಂಗಿದ್ರೆ ಓಡಿದ್ದಕ್ಕೆ ಏನಾಯ್ತು ಅಂತ ನಾನು ಹೇಗೆ ಹೇಳ್ಲಿ ಮೇಷ್ಟ್ರೇ?” ಎಂದು ಸಕ್ಕರೆ ಅಳೆಯುವ ಮೀಟರನ್ನು ಕುಟ್ಟಿ ಕುಟ್ಟಿ ನೋಡುವಳು. ಮೀಟರು ಬದಲಾಯಿತು, ಆಹಾರದ ಚೀಲ ಬದಲಾಯಿತು, ಹೊಟ್ಟು ಬದಲಾಯಿತು. ಇಲಿಗಳು ಬದಲಾಗಲಿಲ್ಲ.

ಪಶುವೈದ್ಯರು ಬಂದರು. ರಕ್ತ, ಹಿಕ್ಕೆ ಎಲ್ಲ ಪರೀಕ್ಷೆಗೆ ಹೋಯಿತು, ಏನೂ ಸಿಗಲಿಲ್ಲ. ಏನೂ ಸಿಗದ್ದು ಅವರಿಗೆ ಇನ್ನೂ ದಿಗಿಲು ಹುಟ್ಟಿಸಿತು.

“ಹೆಸರು ಗೊತ್ತಿಲ್ಲದ ರೋಗ ಪಕ್ಕದ ಕೋಣೆಗೂ ಹಬ್ಬಿದ್ರೆ ಕತೆ ಮುಗೀತು. ಈ ವಾರ ನೋಡೋಣ. ಕಾರಣ ಗೊತ್ತಾಗ್ಲಿಲ್ಲ ಅಂದ್ರೆ ಸೋಮವಾರ ಕೋಣೆ ಖಾಲಿ ಮಾಡಿ.”

ಆ ಕಟ್ಟಡದಲ್ಲಿ ‘ಖಾಲಿ’ ಎಂಬ ಮಾತಿಗೆ ಒಂದೇ ಅರ್ಥ. ಮರಿ, ಬಸುರಿ, ಓಡಿದ್ದು, ಓಡದ್ದು ಎನ್ನದೆ ಎಲ್ಲವನ್ನೂ ಮುಗಿಸಿ, ಕೋಣೆಗೆ ಔಷಧಿ ಹೊಡೆದು ಬಾಗಿಲು ಹಾಕುವುದು. ಹುಡುಗಿಯ ಮುಖ ಸುಣ್ಣದಂತಾಯಿತು.

ಮರುದಿನ ಅವಳು ಟ್ರೆಡ್‌ಮಿಲ್ ಮುಂದೆ ನಿಂತು, ಮೇಷ್ಟ್ರ ಮುಖ ನೋಡದೆ ಹೇಳಿದಳು: “ಕರೆಂಟ್ ಹಾಕಿ ಮೇಷ್ಟ್ರೇ. ಒಂದೇ ಸಲ. ಓಡೋಕ್ಕೆ ಆಗಲ್ವೋ, ಓಡಲ್ಲ ಅಂತಾವೋ ನೋಡ್ಬಿಡೋಣ.”

ಮೇಷ್ಟ್ರು ಟೇಪು ಕಿತ್ತರು. ಕೈ ಹಿಂದೆ ಸರಿಯಿತು. ಹುಡುಗಿಯ ಕೆಂಪು ಬೆರಳುಗಳನ್ನು ನೋಡಿ, ಹಲ್ಲು ಕಚ್ಚಿಕೊಂಡು ಸ್ವಿಚ್ಚು ಒತ್ತಿದರು. ಇಲಿ ಕೀಚೆಂದು ಚೀರಿ ನೆಗೆಯಿತು, ಮುಂದಿನ ಗೋಡೆಗೆ ಮೂತಿ ಜಜ್ಜಿಕೊಂಡು ಓಡಿತು, ಬಾಯಿ ತೆರೆದುಕೊಂಡು ಓಡಿತು. ಕಾಲಿಗೇನೂ ಆಗಿರಲಿಲ್ಲ. ನೋಡಲಾಗದೆ ಮೇಷ್ಟ್ರು ಯಂತ್ರ ನಿಲ್ಲಿಸಿ ಅದನ್ನು ಕೈಗೆತ್ತಿಕೊಂಡರು. ಇಲಿ ಅವರ ಕೋಟಿನ ತೋಳಿನ ಬಳಿ ಮೂಗು ತಂದದ್ದೇ ತಡ, ಮೈಯೆಲ್ಲ ಸೆಟೆದುಕೊಂಡು ಅಂಗೈ ಒದ್ದೆ ಮಾಡಿತು. ಅಲ್ಲೇನಿದೆಯೆಂದು ಮೇಷ್ಟ್ರು ಬಗ್ಗಿ ನೋಡಿದರು. ಕೋಟಿನ ತೋಳಿನಿಂದ ಹೊರಗೆ ಇಣುಕುತ್ತಿದ್ದ ಸ್ವೆಟರಿನ ಅಂಚಿನಲ್ಲಿ ಬೂದು ಬಣ್ಣದ ಕೂದಲುಗಳು.

ಮನೆಯ ಬೆಕ್ಕಿನವು. ಆ ಇಲಿಗಳು ಹುಟ್ಟಿದಾಗಿನಿಂದ ಬೆಕ್ಕನ್ನು ಕಂಡವಲ್ಲ, ಅವುಗಳ ಅಜ್ಜಿ ಮುತ್ತಜ್ಜಿಯರೂ ಕಂಡವಲ್ಲ. ಆದರೆ ಮೂಗಿಗೆ ಗೊತ್ತಿತ್ತು. ದಿನಾ ಬೆಳಗ್ಗೆ ಬಾಗಿಲು ತೆಗೆದು ಒಳಗೆ ಬರುತ್ತಿದ್ದದ್ದು ಅವುಗಳ ಪಾಲಿಗೆ ಮೇಷ್ಟ್ರಲ್ಲ, ಬೆಕ್ಕು. ಹೆದರಿದ ಮೈ ಓಟಕ್ಕೆ ಸಿದ್ಧವಾಗಲು ಸಕ್ಕರೆಯನ್ನು ರಕ್ತಕ್ಕೆ ಸುರಿದುಕೊಂಡು ಕಾಯುತ್ತಿತ್ತು, ಅಷ್ಟೇ. ರೋಗ ಯಾವುದೂ ಇರಲಿಲ್ಲ.

ಆಗಲೇ ಬಾಯಿಬಿಟ್ಟು ಹೇಳಿಬಿಡಬಹುದಾಗಿತ್ತು. ಹೇಳಲಿಲ್ಲ. ಸ್ವೆಟರಿನ ತೋಳನ್ನು ಒಳಕ್ಕೆ ತುರುಕಿಕೊಂಡು, “ಮೂತಿ ಸ್ವಲ್ಪ ತರಚಿದೆ, ಔಷಧಿ ಹಚ್ತೀನಿ,” ಎಂದು ಆಚೆ ನಡೆದರು. ಹೇಳಿದರೆ ಬೆಕ್ಕನ್ನು ಕಳಿಸಬೇಕು. ಬೆಕ್ಕು ಹೋದರೆ ಹೆಂಡತಿ ಮತ್ತೆ ಹಾಸಿಗೆ ಹಿಡಿಯುತ್ತಾಳೆ. ಈ ಒಂದು ಲೆಕ್ಕದ ಆಚೆ ಅವರ ತಲೆ ಓಡಲಿಲ್ಲ.

ಅಂದು ಮನೆಗೆ ಹೋದವರೇ ಸ್ವೆಟರನ್ನು ಸೋಪಿನ ನೀರಿನಲ್ಲಿ ನೆನೆಹಾಕಿದರು. ಬೆಳಗ್ಗೆ ಚರ್ಮ ಕಿತ್ತು ಬರುವ ಹಾಗೆ ಮೈ ತಿಕ್ಕಿಕೊಂಡರು. ನಿಯಮದ ಪ್ರಕಾರ ಎಲ್ಲ ಬಿಚ್ಚಿಟ್ಟು, ಸಂಸ್ಥೆಯ ತೆಳ್ಳನೆಯ ಬಟ್ಟೆಯಲ್ಲಿ ಗಡಗಡ ನಡುಗುತ್ತ ಒಳಗೆ ಹೋದರು. ಇಲಿಗಳು ಅವರ ಹೆಜ್ಜೆಯ ಸದ್ದಿಗೇ ಮೂಲೆ ಸೇರಿದವು. ವಾಸನೆಯೊಂದಿಗೆ ಮನುಷ್ಯನನ್ನೂ ಗುರುತಿಟ್ಟುಕೊಂಡಿದ್ದವು. ಮೇಷ್ಟ್ರಿಗೆ ಅಳುವಷ್ಟು ಅವಮಾನವಾಯಿತು.

ಸಾಲದೆಂಬಂತೆ ಶುಕ್ರವಾರ ಸಂಜೆ ಫಿಸಿಯೋ ಬಂದಳು. ಹೆಂಡತಿಯ ತೊಡೆ ಒತ್ತಿ ನೋಡಿ ಅವಳ ಮುಖ ಅರಳಿತು. “ಪರವಾಗಿಲ್ವೇ, ಮಾಂಸ ತುಂಬ್ಕೋತಾ ಇದೆ. ಏನ್ ಮಂತ್ರ ಹಾಕಿದ್ರಿ?”

ಮೇಷ್ಟ್ರು ಬೆಕ್ಕಿನ ಕಡೆ ಕೈ ತೋರಿಸಿದರು.

“ಹಾಗಾದ್ರೆ ಅದನ್ನ ಚೆನ್ನಾಗಿ ನೋಡ್ಕೊಳಿ,” ಎಂದು ನಕ್ಕಳು ಫಿಸಿಯೋ. “ಈಗ ಮಾತ್ರ ನಿಲ್ಸಬೇಡಿ. ಇನ್ನೊಂದು ಸಲ ಹಾಸಿಗೆ ಹಿಡಿದ್ರೆ ನನ್ನ ಕೈಲೂ ಆಗಲ್ಲ.”

ಮೇಷ್ಟ್ರು ಅಡಕತ್ತರಿಯಲ್ಲಿ ಸಿಕ್ಕಿಬಿದ್ದರು. ಊಟ ಸೇರಲಿಲ್ಲ. ಹೆಂಡತಿ ಕೇಳಿದರೆ ಹೊಟ್ಟೆ ಸರಿಯಿಲ್ಲವೆಂದರು. ಬೆಕ್ಕು ಕಾಲಿಗೆ ಮೈ ಉಜ್ಜಲು ಬಂದರೆ ಬೆಂಕಿ ತಾಕಿದವರಂತೆ ಕಾಲೆಳೆದುಕೊಂಡರು.

ಶನಿವಾರ ಪಶುವೈದ್ಯರು ಖಾಲಿ ಮಾಡುವ ಸಿದ್ಧತೆ ನೋಡಲು ಬಂದರು. ಹುಡುಗಿ ಒಂದು ಬಸುರಿ ಇಲಿಯ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಆ ಪಂಜರವನ್ನು ನೋಡಿದ ಮೇಲೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

“ರೋಗ ಅಲ್ಲ ಸಾರ್. ನಾನು. ನಮ್ಮನೇಲಿ ಬೆಕ್ಕಿದೆ. ಸ್ವೆಟರ್ ಬಿಚ್ಚದೆ ಒಳಗೆ ಬರ್ತಿದ್ದೆ.”

ಹುಡುಗಿ ಪಂಜರ ಹಿಡಿದುಕೊಂಡೇ ಎದ್ದಳು.

“ಯಾವತ್ತಿಂದ?”

ಹೇಳಿದರು.

“ಅವತ್ತಿಂದ ಮಾಡಿದ್ದೆಲ್ಲ ಎಸೀಬೇಕು ಈಗ. ನಾನು ಆ ಮೀಟರ್‌ನ ಬೈದೆ, ಆಹಾರ ಕಳಿಸೋನ ಹತ್ರ ಜಗಳ ಆಡಿದೆ, ನಿಮ್ಮನ್ನ ಒಂದ್ಸಲ ಕೂಡ ಅನುಮಾನಿಸಲಿಲ್ಲವಲ್ಲ ಮೇಷ್ಟ್ರೇ!” ಎಂದಳು. ಪಂಜರವನ್ನು ಮಾತ್ರ ಮೆತ್ತಗೆ ಅದರ ಜಾಗದಲ್ಲಿಟ್ಟು ಹೊರಗೆ ಹೋದಳು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

ಪಶುವೈದ್ಯರು ಕೋಣೆ ಖಾಲಿ ಮಾಡುವ ಮಾತನ್ನು ಹಿಂದೆ ತೆಗೆದುಕೊಂಡರು. ಮೇಷ್ಟ್ರ ವಿಷಯದಲ್ಲಿ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದರು: “ಒಂದೋ ಬೆಕ್ಕು, ಇಲ್ಲ ಇಲಿ. ಬೆಕ್ಕೇ ಬೇಕು ಅಂದ್ರೆ ಸೋಮವಾರದಿಂದ ಪಂಜರ ತೊಳೆಯೋ ಕಡೆ ಹೋಗಿ. ಈ ಬಾಗಿಲು ದಾಟ್ಬೇಡಿ.”

ಮನೆಗೆ ಬರುವ ದಾರಿಯಲ್ಲಿ ಮೇಷ್ಟ್ರು ನಿರ್ಧರಿಸಿಬಿಟ್ಟಿದ್ದರು. ಪಂಜರ ತೊಳೆಯುವುದೇ ಸರಿ. ಇಷ್ಟು ವರ್ಷ ಹೇಳಿಕೊಂಡ ಜಂಬ ನೀರಲ್ಲಿ ಹೋಮವಾದರೆ ಆಗಲಿ, ಹೆಂಡತಿ ನಡೆದರೆ ಸಾಕು. ಬಾಗಿಲು ತೆಗೆದವರೇ ಅವಳ ಮುಂದೆ ಎಲ್ಲ ಹೇಳಿ, “ನಿನ್ನ ಬೆಕ್ಕು ಎಲ್ಲೂ ಹೋಗಲ್ಲ ಕಣೇ, ಹೆದರ್ಬೇಡ,” ಎಂದರು.

“ನನ್ನ ಬೆಕ್ಕಾ?” ಕುರ್ಚಿಯಲ್ಲಿದ್ದ ಹೆಂಡತಿ ಅವರನ್ನೇ ನೋಡಿದಳು. “ರೀ, ನಂಗೆ ಬೆಕ್ಕು ಕಂಡ್ರೆ ಆಗಲ್ಲ. ಚಿಕ್ಕೋಳಿದ್ದಾಗಿನಿಂದ ಆಗಲ್ಲ.”

“ಮತ್ತೆ... ಅದನ್ನ ನೋಡೋಕ್ಕೆ ಅಂತ ಎದ್ದು ಓಡಾಡ್ತಿದ್ದೆಯಲ್ಲ?”

“ನೋಡೋಕ್ಕಾ! ತಪ್ಪಿಸ್ಕೊಳ್ಳೋಕ್ಕೆ! ನೀವು ಆಚೆ ಹೋದ ತಕ್ಷಣ ಹಾಸಿಗೆ ಮೇಲೆ ಹತ್ತತ್ತೆ. ನಾನು ಎದ್ದು ಗೋಡೆ ಹಿಡ್ಕೊಂಡು ಇಲ್ಲಿಗೆ ಬರ್ತೀನಿ. ಹಿಂದೆನೇ ಬರತ್ತೆ. ಅಡುಗೆಮನೆಗೆ ಹೋಗ್ತೀನಿ, ಅಲ್ಲಿಗೂ ಬರತ್ತೆ. ಇಡೀ ದಿನ ಇದೇ ಪೀಕಲಾಟ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಗೆ ಹೇಳ್ಲಿ? ನಾನು ಬಿದ್ದಾಗಿನಿಂದ ನೀವು ನಕ್ಕಿದ್ದೇ ಇಲ್ಲ. ಅದು ಬಂದ ದಿನ ಹಾಲಿನ ಬಟ್ಲು ಹಿಡ್ಕೊಂಡು ನಕ್ರಲ್ಲ. ನಿಮಗೆ ಅಷ್ಟು ಇಷ್ಟ ಆಗಿದೆ, ಇರ್ಲಿ ಅಂದ್ಕೊಂಡೆ.”

ನಕ್ಕದ್ದು ಏಕೆಂದು ಈಗ ಹೇಳಿ ಪ್ರಯೋಜನವಿರಲಿಲ್ಲ. ಕೆಲಸದ ಜಾಗದಲ್ಲಿ ಸ್ವಿಚ್ಚಿಗೆ ಟೇಪು ಅಂಟಿಸಿದ ಮನುಷ್ಯ, ಮನೆಯಲ್ಲಿ ಹೆಂಡತಿಯ ಹಿಂದೆ ಬೆಕ್ಕು ಬಿಟ್ಟು ಓಡಿಸಿದ್ದರು. ಅದಕ್ಕೆ ಸಂತೋಷಪಟ್ಟುಕೊಂಡು ಬೆಕ್ಕಿಗೆ ಹಾಲು ಬೇರೆ ಹೊಯ್ದಿದ್ದರು. ಮೇಷ್ಟ್ರು ಹೆಂಡತಿಯ ಕಾಲ ಬಳಿ ನೆಲದ ಮೇಲೆ ಕುಸಿದು ಕೂತರು. ಆಮೇಲೆ ಅವರು ಎದ್ದು ಬೆಕ್ಕನ್ನೆತ್ತಿಕೊಂಡು ಹೋಗಿ ಕೆಳಗಿನ ಅಂಗಡಿಯ ದರ್ಜಿಗೆ ಕೊಟ್ಟು ಬಂದರು. ಅವನಿಗೆ ಬಟ್ಟೆ ಕಡಿಯುವ ಇಲಿಗಳ ಕಾಟವಿತ್ತು.

ಭಾನುವಾರ ಬೆಳಗಾಯಿತು. ಮೇಷ್ಟ್ರು ಹಾಲು ಕಾಯಿಸಿ, ಒಲೆ ಆರಿಸಿ, ಅಡುಗೆಮನೆಯಲ್ಲಿ ಕಿವಿಯಾನಿಸಿ ನಿಂತರು. ಹೆಂಡತಿಗೆ ಎಚ್ಚರವಾಗಿತ್ತು, ಹಾಸಿಗೆಯ ಮೇಲೆ ಎದ್ದು ಕೂತ ಸದ್ದು ಕೇಳಿತ್ತು. ಅಷ್ಟೇ, ಮುಂದೆ ಏನೂ ಕೇಳಲಿಲ್ಲ. ಹಾಲಿನ ಮೇಲೆ ಕೆನೆ ಕಟ್ಟಿತು. ಮತ್ತೂ ಏನೂ ಕೇಳಲಿಲ್ಲ. ಕೆಳಗೆ ಹೋಗಿ ಬೆಕ್ಕನ್ನು ತಂದುಬಿಡಲೇ, ಇವತ್ತೊಂದು ದಿನ ಹೆದರಿದರೆ ಹೆದರಲಿ, ಕಾಲಾದರೂ ಉಳಿಯುತ್ತದೆ ಎನ್ನಿಸಿತು. ಹಾಗೆ ಎನ್ನಿಸಿದ್ದಕ್ಕೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಅಲ್ಲಿಂದ ಕದಲಲಿಲ್ಲ.

“ರೀ.”

ಹೋದರು. ಹೆಂಡತಿ ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಹಣೆಯಲ್ಲಿ ಬೆವರು.

“ಅಟ್ಟಿಸ್ಕೊಂಡು ಬರೋದು ಏನೂ ಇಲ್ದೆ ಕಾಲು ಏಳ್ತಾನೇ ಇಲ್ಲ ರೀ.”

“ಎತ್ಬೇಡಿ ಅಂದಿದಾಳಲ್ಲ ಫಿಸಿಯೋ,” ಎಂದರು ಮೇಷ್ಟ್ರು ತೊದಲುತ್ತ.

“ಎತ್ತಿ ಅಂತ ಯಾರು ಹೇಳಿದ್ರು? ಬಾಗಿಲ ಹಿಂದೆ ನಿಂತ್ಕೊಂಡು ಕದ್ದು ನೋಡ್ತೀರಿ, ಮಲಗಿದಾಗ ತೊಡೆ ಮುಟ್ಟಿ ನೋಡ್ತೀರಿ. ನಂಗೇನು ಗೊತ್ತಾಗಲ್ವಾ? ಎದುರಿಗೆ ಬಂದು ಒಂದು ಸಲ ಕೈ ಕೊಡ್ಬಾರ್ದಾ?”

ಮೇಷ್ಟ್ರು ಎದುರಿಗೆ ಹೋಗಿ ಎರಡೂ ಕೈ ಚಾಚಿದರು. ಅವಳು ಹಿಡಿದುಕೊಂಡಳು.

“ಕೈ ಕೊಡಿ ಅಂದಿದ್ದಕ್ಕೆ ನಡುವೆ ಎಲ್ಲಾದ್ರೂ ಕೈ ಕೊಟ್ಬಿಟ್ಟೀರಾ ಮತ್ತೆ!”

ನಗಬೇಕೆಂದರೂ ಮೇಷ್ಟ್ರಿಗೆ ನಗು ಬರಲಿಲ್ಲ. ಹೆಂಡತಿ ಉಸಿರು ಬಿಗಿಹಿಡಿದು ಎದ್ದಳು. ಮುರಿದು ಕೂಡಿದ ಕಾಲು ನೆಲಕ್ಕೆ ತಾಗಿತು, ಅದುರಿತು, ಭಾರ ಹೊತ್ತಿತು. ಇಬ್ಬರೂ ಹಾಗೆಯೇ ನಿಂತರು.

“ನಡುಗ್ತಾ ಇರೋದು ಯಾರ ಕೈ ರೀ?”

“ನಂದೇ ಕಣೇ.”

“ಸರಿ ಹಾಗಾದ್ರೆ,” ಎಂದು ಅವಳು ಕಾಲು ಮುಂದಿಟ್ಟಳು.